ಹಂಪಿಗೆ ಎರಡನೇ ಸಲ, ಎರಡೇ ದಿನ: ಯಾವ ದಡದಲ್ಲಿ ಉಳಿಯಬೇಕು?

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ಹಂಪಿಗೆ ಅರ್ಧ ನ್ಯಾಯ ಮಾತ್ರ ಮಾಡುತ್ತದೆ. ಹಂಪಿಗೆ ಕಾಲೂ ಬೇಕು, ಕಣ್ಣೂ ಬೇಕು. ಮೊದಲ ಸಲ ಹೋದವರಿಗೆ ಎರಡೂ ಒಟ್ಟಿಗೆ ಒದಗುವುದಿಲ್ಲ. ಬೆಳಗ್ಗೆ ವಿರೂಪಾಕ್ಷ, ಆಮೇಲೆ ಸಾಸಿವೆಕಾಳು ಗಣಪ, ಉಗ್ರ ನರಸಿಂಹ, ಬಡವಿಲಿಂಗ, ಕಮಲ ಮಹಲ್, ಆನೆ ಲಾಯ, ಹೊತ್ತು ಇಳಿಯುವಾಗ ಕಲ್ಲಿನ ರಥದ ಮುಂದೆ ಒಂದು ಫೋಟೊ. ಆಟೊದವರು ಹೊರಗೆ ಗಡಿಯಾರ ನೋಡುತ್ತಾ ನಿಂತಿರುತ್ತಾರೆ. ಮನೆಗೆ ಬಂದು ತಿಂಗಳು ಕಳೆದ ಮೇಲೆ ತಲೆಯಲ್ಲಿ ಸುಳಿಯುವುದು ಯಾವುದೋ ಬಂಡೆಯ ನೆರಳು, ಬಾಳೆತೋಟದ ನಡುವಿನ ಕಾಲುವೆ, ಸರಿಯಾಗಿ ನೋಡದೆ ದಾಟಿ ಬಂದ ಒಂದು ಗೋಡೆ.

ಮತ್ತೆ ಹೋಗಬೇಕು ಅನ್ನಿಸುವ ಹೊತ್ತಿಗೆ ಕೈಯಲ್ಲಿರುವುದು ಒಂದು ಶನಿವಾರ, ಒಂದು ಭಾನುವಾರ. ಆಗ ಬಹಳ ಜನ ಹಳೇ ಪಟ್ಟಿಯನ್ನು ಹಾಗೇ ಇಟ್ಟುಕೊಂಡು ಅದರ ತಲೆಯ ಮೇಲೆ ಆನೆಗೊಂದಿ, ಅಂಜನಾದ್ರಿ, ಸಾಣಾಪುರವನ್ನೂ ಹೇರುತ್ತಾರೆ. ಎರಡು ದಿನದಲ್ಲಿ ಅದು ಆಗದ ಮಾತು, ಏಕೆಂದರೆ ನಡುವೆ ತುಂಗಭದ್ರೆ ಇದ್ದಾಳೆ. ಎರಡನೇ ಸಲ ಹೋಗುವವರು ಮೊದಲು ತೀರ್ಮಾನಿಸಬೇಕಾದ್ದು ದಡವನ್ನು. ಹೋಟೆಲು, ಗಾಡಿ, ಊಟ ಎಲ್ಲ ಅದರ ಹಿಂದೆ ಬರುತ್ತವೆ.

ನದಿಯ ಲೆಕ್ಕ

ದಕ್ಷಿಣದ ದಡ ವಿಜಯನಗರ ಜಿಲ್ಲೆ: ಹಂಪಿ, ಕಮಲಾಪುರ, ಹೊಸಪೇಟೆ. ಉತ್ತರದ ದಡ ಕೊಪ್ಪಳ ಜಿಲ್ಲೆ: ಆನೆಗೊಂದಿ, ಅಂಜನಾದ್ರಿ, ಸಾಣಾಪುರ, ವಿರೂಪಾಪುರ ಗಡ್ಡೆ. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿಯಿತು. ಹಂಪಿ 1999ರಲ್ಲಿ ಯುನೆಸ್ಕೊದ ‘ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ’ ಪಟ್ಟಿಗೆ ಸೇರಿ 2006ರವರೆಗೆ ಅಲ್ಲೇ ಉಳಿದದ್ದಕ್ಕೂ ಈ ಸೇತುವೆಯೇ ಒಂದು ಕಾರಣ. ಈಗ ವಾಹನ ದಾಟುವುದು ಕೆಳಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ಮೇಲೆ. ಹಂಪಿಯಿಂದ ಆ ದಾರಿಯಲ್ಲಿ ಆನೆಗೊಂದಿಗೆ ಸುಮಾರು 20 ಕಿ.ಮೀ., ಸಾಣಾಪುರಕ್ಕೆ ಇನ್ನೂ ಹೆಚ್ಚು.

ಹೋಟೆಲ್ ಬುಕ್ ಮಾಡುವಾಗ ಎಡವುವುದು ಇಲ್ಲೇ. ಆ್ಯಪಿನಲ್ಲಿ ‘ಹಂಪಿ’ ಎಂದು ಹುಡುಕಿದರೆ ಸಾಣಾಪುರದ ಗುಡಿಸಲುಗಳೂ ಬರುತ್ತವೆ, ‘ವಿರೂಪಾಕ್ಷ ದೇವಸ್ಥಾನದಿಂದ ಕೆಲವೇ ಕಿ.ಮೀ.’ ಎಂದು ತೋರಿಸುತ್ತವೆ. ಅದು ಹಕ್ಕಿ ಹಾರುವ ದೂರ. ದುಡ್ಡು ಕಟ್ಟುವ ಮೊದಲು ನಕ್ಷೆಯಲ್ಲಿ ರಸ್ತೆಯ ದಾರಿ ಹಾಕಿ ನೋಡಿ, ನದಿಯ ಯಾವ ಮಗ್ಗುಲು ಎಂದು ಮನೆಯವರನ್ನೇ ಕೇಳಿ.

ಹಂಪಿಯ ಘಟ್ಟದಿಂದ ವಿರೂಪಾಪುರ ಗಡ್ಡೆಗೆ ದೋಣಿ ಇದೆ, ಹೌದು. ಆದರೆ ಅದು ಹೊತ್ತೇರಿದ ಮೇಲೆ ಶುರುವಾಗಿ ಸಂಜೆ 5:30–6ರ ಸುಮಾರಿಗೆ ನಿಲ್ಲುತ್ತದೆ. ಹಾಗಾಗಿ ಸಾಣಾಪುರದಲ್ಲಿ ಉಳಿದವರು ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ದೋಣಿ ನಂಬಿಕೊಂಡು ಬರಲಾರರು; ಹಂಪಿಯಲ್ಲಿ ಉಳಿದವರಿಗೆ ಅಂಜನಾದ್ರಿಯ ಸೂರ್ಯೋದಯವೂ ಅಷ್ಟೇ. ಮಳೆಗಾಲದಲ್ಲಿ ಇದೂ ಖಾತ್ರಿಯಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ದೋಣಿ, ಹರಿಗೋಲು ಎಲ್ಲ ಬಂದ್. ಹೊರಡುವ ಹಿಂದಿನ ದಿನ ‘ಪುರಂದರ ಮಂಟಪ ಮುಳುಗಡೆ’ ಎಂಬ ಸುದ್ದಿ ಕಂಡರೆ ದೋಣಿಯನ್ನು ಲೆಕ್ಕದಿಂದ ತೆಗೆದುಬಿಡಿ. ಅಂಥ ದಿನ ನದಿ ದಂಡೆಯ ಕಾಲುದಾರಿಯೂ ಸಿಗುವುದಿಲ್ಲ.

ದಕ್ಷಿಣ ದಡ: ನೋಡಿದ್ದನ್ನೇ ನಿಧಾನಕ್ಕೆ ನೋಡುವವರಿಗೆ

ನಿಮ್ಮನ್ನು ಮತ್ತೆ ಕರೆಯುತ್ತಿರುವುದು ಕಲ್ಲು, ಕೆತ್ತನೆ, ಪಟ್ಟಣದ ವಿನ್ಯಾಸವಾದರೆ ಈ ದಡ ಬಿಟ್ಟು ಕದಲಬೇಡಿ. ಉಳಿಯಲು ಮೂರು ಊರು.

ಹಂಪಿ ಗ್ರಾಮದಲ್ಲಿ, ಅಂದರೆ ವಿರೂಪಾಕ್ಷ ಗುಡಿಯ ಉತ್ತರಕ್ಕಿರುವ ಜನತಾ ಪ್ಲಾಟ್‌ನಲ್ಲಿ, ಮನೆಗಳ ಮೇಲೆ ಕಟ್ಟಿದ ಸಣ್ಣ ಕೋಣೆಗಳು ಸಿಗುತ್ತವೆ. ಲಿಫ್ಟ್ ಕೇಳಬೇಡಿ, ಕಾರು ನಿಲ್ಲಿಸಿ ಚೀಲ ಹೊತ್ತು ನಡೆಯಬೇಕು. ಬಜಾರಿನ ಮಂಟಪಗಳಲ್ಲೇ ಸಂಸಾರ ಹೂಡಿದ್ದವರನ್ನು 2011ರಲ್ಲಿ ಎಬ್ಬಿಸಿದ ಮೇಲೆ ರಥಬೀದಿ ಬರಿದಾಗಿದೆ. ಅದಕ್ಕೂ ಮುಂಚೆ ನೋಡಿದವರಿಗೆ ಇದು ಬೇರೆ ಊರೇ ಅನ್ನಿಸೀತು. ಇಲ್ಲಿ ಮಾಂಸ, ಮದ್ಯ ಇಲ್ಲ. ಇದ್ದುದರಲ್ಲಿ ದೊಡ್ಡ ಲಾಭ ಹೊತ್ತಿನದು: ಬೆಳಗಿನ 6ಕ್ಕೂ, ಸಂಜೆ ಬಸ್ಸುಗಳು ಹೊರಟ ಮೇಲೂ ಹೇಮಕೂಟ ಬೆಟ್ಟ ನಿಮ್ಮ ಅಂಗಳದಷ್ಟು ಹತ್ತಿರ.

ಕಮಲಾಪುರ ಹಂಪಿಯಿಂದ 4 ಕಿ.ಮೀ. ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇಲ್ಲಿದೆ, ದೊಡ್ಡ ರೆಸಾರ್ಟುಗಳೂ ಈ ಕಡೆಗೇ. ವಯಸ್ಸಾದ ಅಪ್ಪ-ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ ಇದೇ ಸರಿ. ರಾಜರ ಆವರಣ, ವಸ್ತುಸಂಗ್ರಹಾಲಯ, ಪಟ್ಟಾಭಿರಾಮ ಗುಡಿ ಎಲ್ಲ ಪಕ್ಕದಲ್ಲೇ. ಪಟ್ಟಾಭಿರಾಮ ಗುಡಿ ವಿಠ್ಠಲನ ಗುಡಿಗೆ ಗಾತ್ರದಲ್ಲಿ ಏನೂ ಕಡಿಮೆಯಿಲ್ಲ; ಆದರೂ ಭಾನುವಾರ ಮಧ್ಯಾಹ್ನ ಹೋದರೂ ನಿಮ್ಮನ್ನು ಬಿಟ್ಟರೆ ಪಾರಿವಾಳಗಳು.

ಹೊಸಪೇಟೆ 13 ಕಿ.ಮೀ. ದೂರ. ರೈಲು, ಬಸ್ಸು, ಒಳ್ಳೆಯ ಹೋಟೆಲು, ಔಷಧಿ ಅಂಗಡಿ, ಬೆಳಗ್ಗೆ ಬಿಸಿಬಿಸಿ ವಗ್ಗರಣೆ-ಮಿರ್ಚಿ ಎಲ್ಲ ಇದೆ. ಆದರೆ ದಿನಕ್ಕೆ ಎರಡು ಸಲ ಓಡಾಟ, ಮುಂಜಾವು ಮುಸ್ಸಂಜೆ ಎರಡೂ ಕೈಬಿಟ್ಟುಹೋಗುವ ನಷ್ಟ. ಎರಡನೇ ಸಲ ಬರುವವರಿಗೆ ಹೊಸಪೇಟೆ ವಾಸ ಶಿಫಾರಸು ಮಾಡಲಾರೆವು. ಕೊನೆಯ ರಾತ್ರಿ ರೈಲು ತಡವಾಗಿದ್ದರೆ ಮಾತ್ರ ಇರಲಿ.

ಈಗ ಹೊತ್ತಿನ ಹಂಚಿಕೆ. ವಿಠ್ಠಲ ದೇವಾಲಯಕ್ಕೂ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ಒಂದೇ ಟಿಕೆಟ್: ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600, ಹದಿನೈದರ ಒಳಗಿನ ಮಕ್ಕಳಿಗೆ ಇಲ್ಲ. ಅದು ಆ ದಿನಕ್ಕೆ ಮಾತ್ರ ನಡೆಯುತ್ತದೆ, ಹಾಗಾಗಿ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ. ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ರಜೆಗೆ ಬಂದ ನೆಂಟರ ಬಳಿ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಅವರಿಗೂ ಭಾರತೀಯರ ದರವೇ. ಕಾರ್ಡ್ ಮನೆಯಲ್ಲಿ ಬಿಟ್ಟು ಬಂದರೆ ಕೌಂಟರಿನಲ್ಲಿ ವಾದ ನಡೆಯುವುದಿಲ್ಲ. ಕಮಲಾಪುರದ ವಸ್ತುಸಂಗ್ರಹಾಲಯ ಶುಕ್ರವಾರ ರಜೆ. ಅಂಗಳದಲ್ಲಿ ಹಂಪಿ ಕಣಿವೆಯ ದೊಡ್ಡ ಮಾದರಿ ಇದೆ. ಮೊದಲ ಅರ್ಧ ಗಂಟೆ ಅದರ ಮುಂದೆ ಕಳೆದರೆ ಕಳೆದ ಸಲ ಎಲ್ಲಿಂದ ಎಲ್ಲಿಗೆ ಸುತ್ತಿದೆವು ಎಂಬುದು ಒಮ್ಮೆಗೇ ಬಗೆಹರಿಯುತ್ತದೆ.

ವಿಠ್ಠಲನ ಗುಡಿಗೆ ರಸ್ತೆಯಲ್ಲಿ ಹೋದರೆ ಕಮಲಾಪುರ ಸುತ್ತಿ ಸುಮಾರು 9 ಕಿ.ಮೀ.; ಗಾಡಿ ನಿಲ್ಲಿಸಿ ಕೊನೆಯ ಒಂದು ಕಿ.ಮೀ. ಬ್ಯಾಟರಿ ವಾಹನ ಇಲ್ಲವೇ ಕಾಲ್ನಡಿಗೆ. ರಜೆಯ ದಿನ ಆ ಬ್ಯಾಟರಿ ವಾಹನದ ಸಾಲಿಗೇ ಮುಕ್ಕಾಲು ಗಂಟೆ ಹೋಗಬಹುದು. ಇನ್ನೊಂದು ದಾರಿ ರಥಬೀದಿಯ ಪೂರ್ವ ತುದಿಯ ಎದುರು ಬಸವಣ್ಣನಿಂದ ನದಿಗುಂಟ ಎರಡು ಕಿ.ಮೀ. ನಡಿಗೆ: ಚಕ್ರತೀರ್ಥದ ಕೋದಂಡರಾಮ, ಮೇಲೆ ಬಂಡೆಯ ಮೇಲೆ ವ್ಯಾಸರಾಯರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಹನುಮ, ಬಲಕ್ಕೆ ಅಚ್ಯುತರಾಯನ ಬಜಾರು, ಮುಂದೆ ಸುಗ್ರೀವ ಗುಹೆ, ಪುರಂದರ ಮಂಟಪ, ತುಲಾಭಾರದ ಕಮಾನು. ಮೊದಲ ಸಲ ಆಟೊದಲ್ಲಿ ಬಂದವರು ಇದಿಷ್ಟನ್ನೂ ಕಳೆದುಕೊಂಡಿರುತ್ತಾರೆ. ಬೆಳಗ್ಗೆ 7ಕ್ಕೆ ಹೊರಟರೆ 8:30ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತೀರಿ, ಮೊದಲ ಬ್ಯಾಟರಿ ವಾಹನದ ಜನ ಬರುವ ಮುಂಚೆ ರಥದ ಸುತ್ತ ಒಂದು ಪ್ರದಕ್ಷಿಣೆ ಮುಗಿಯುತ್ತದೆ. ಸಂಗೀತ ಕಂಬಗಳನ್ನು ತಟ್ಟುವಂತಿಲ್ಲ, ರಥವನ್ನು ಮುಟ್ಟುವಂತಿಲ್ಲ. ಕತ್ತಲಾದ ಮೇಲೆ ಈ ದಾರಿಯಲ್ಲಿ ವಾಪಸ್ ಬರಬೇಡಿ; ಚಿರತೆ, ಕರಡಿ ಎರಡೂ ಓಡಾಡುವ ಗುಡ್ಡಗಳು ಇವು.

ಮಾತಂಗ ಬೆಟ್ಟಕ್ಕೆ ಡಿಸೆಂಬರಿನಲ್ಲಿ ಸೂರ್ಯ ಮೂಡುವುದು ಹೆಚ್ಚುಕಡಿಮೆ 6:40ಕ್ಕೆ. ಹತ್ತಲು ಮುಕ್ಕಾಲು ಗಂಟೆ ಇಟ್ಟುಕೊಂಡು, ಟಾರ್ಚ್ ಹಿಡಿದು, ಒಬ್ಬರೇ ಹೋಗದೆ ಜೊತೆಯವರೊಡನೆ ಹೊರಡಿ. ಸೂರ್ಯ ಮೋಡದಲ್ಲಿ ಸಿಕ್ಕಿಬಿದ್ದರೂ ಬೇಸರವಿಲ್ಲ: ಕೆಳಗೆ ಅಚ್ಯುತರಾಯನ ಗುಡಿ ಯಾರೋ ನೆಲದ ಮೇಲೆ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ, ಪ್ರಾಕಾರದೊಳಗೆ ಪ್ರಾಕಾರ, ಮುಂದೆ ನೇರವಾದ ಬಜಾರು.

ಮಧ್ಯಾಹ್ನದ ಬಿಸಿಲಿಗೆ ನೆರಳಿರುವ ಜಾಗ ಬೇಕು. ಅದಕ್ಕೆ ಹಜಾರ ರಾಮನ ಗುಡಿ. ಇಲ್ಲಿ ಹತ್ತು ನಿಮಿಷ ನಿಂತು ಹೋಗುವವರೇ ಎಲ್ಲ. ಎರಡು ಗಂಟೆ ಕೊಡಿ. ಹೊರಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ತಳದ ಪಟ್ಟಿಕೆಯಲ್ಲಿ ಆನೆ, ಅದರ ಮೇಲೆ ಕುದುರೆ, ಮೇಲೆ ಕಾಲಾಳು, ಇನ್ನೂ ಮೇಲೆ ಕುಣಿಯುವ ಹೆಂಗಸರು. ಮಹಾನವಮಿಯ ಮೆರವಣಿಗೆ ಗೋಡೆಗುಂಟ ಸಾಗುತ್ತಿದೆ. ಕುದುರೆಗಳ ಪಟ್ಟಿಕೆಯ ಹತ್ತಿರ ಹೋಗಿ ನೋಡಿ, ಲಗಾಮು ಹಿಡಿದವರ ಉಡುಪು, ಟೊಪ್ಪಿಗೆ ಒಂದೇ ಥರ ಇಲ್ಲ. ಸಮುದ್ರ ದಾಟಿ ಬಂದ ಕುದುರೆಗಳ ಜೊತೆ ಬಂದ ಪರದೇಶದವರೂ ಅಲ್ಲಿದ್ದಾರೆ. ಒಳಗೆ ಗುಡಿಯ ಗೋಡೆಯ ಮೇಲೆ ರಾಮಾಯಣ ಮೂರು ಸಾಲಿನಲ್ಲಿದೆ. ಒಂದು ಗೋಡೆಯ ಮುಂದೆ ನಿಂತು ಮೇಲೆ ಕೆಳಗೆ ನೋಡಿದರೆ ಕಥೆ ಕೈಗೆ ಸಿಗುವುದಿಲ್ಲ. ಒಂದು ಸಾಲು ಹಿಡಿದು ಪ್ರದಕ್ಷಿಣೆ ಬನ್ನಿ, ಆಮೇಲೆ ಮುಂದಿನ ಸಾಲು. ಮೂರು ಸುತ್ತಿಗೆ ಕಥೆ ಮುಗಿಯುತ್ತದೆ. ನೋಡುವುದೇ ಪೂಜೆಯಾಗುವಂತೆ ಕಟ್ಟಿದ ಲೆಕ್ಕಾಚಾರ. ಒಳಗಿನ ನಾಲ್ಕು ಕರಿಯ ಕಂಬಗಳಿಗೆ ಮೊಬೈಲ್ ಬೆಳಕನ್ನು ನೇರ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಕೆತ್ತನೆ ಎದ್ದು ಬರುತ್ತದೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಮೆಟ್ಟಿಲು ಪುಷ್ಕರಣಿ. 1980ರ ದಶಕದ ಉತ್ಖನನದಲ್ಲಿ ಸಿಕ್ಕಿದ್ದು, ಐದು ಅಂತಸ್ತು, ಸುಮಾರು 22 ಮೀಟರ್ ಚೌಕ. ಸುತ್ತಲಿನದೆಲ್ಲ ಗ್ರಾನೈಟ್ ಆದರೆ ಇದೊಂದು ಕರಿಕಲ್ಲು. ಅಂಚಿನಲ್ಲಿ ನಿಂತು ಮೊಬೈಲನ್ನು ಜೂಮ್ ಮಾಡಿ ಮೆಟ್ಟಿಲುಗಳ ಮೈ ನೋಡಿ: ಸಣ್ಣ ಗೀಟು, ಅಕ್ಷರ, ಅಂಕಿ ಕೊರೆದಿರುತ್ತವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು ಎಂಬ ಗುರುತು. ಕಲ್ಲನ್ನು ಬೇರೆಡೆ ಕಡೆದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದರ ಸಾಕ್ಷಿ. ಹೊತ್ತು ನೆತ್ತಿಯ ಮೇಲಿದ್ದರೆ ಈ ಗೀಟು ಕಾಣುವುದಿಲ್ಲ. ನಾಲ್ಕು ಗಂಟೆಯ ಮೇಲಿನ ಓರೆ ಬಿಸಿಲು ಬೇಕು.

ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ರಾಜಗೋಪುರದ ತಲೆಕೆಳಗಾದ ನೆರಳನ್ನು ಕಳೆದ ಸಲ ನೋಡಲಾಗಲಿಲ್ಲ ಎನ್ನುವವರು ಬಹಳ. ಗೋಡೆಯ ಕಿಂಡಿಯಿಂದ ಬೆಳಕು ಹಾಯಬೇಕು, ಹೊರಗೆ ಮೋಡವಿದ್ದರೆ ಬರಿ ಗೋಡೆ. ಒಳಗೆ ಹೋದ ಕೂಡಲೇ ಹೊರಗೆ ಬರಬೇಡಿ, ಕಣ್ಣು ಕತ್ತಲಿಗೆ ಒಗ್ಗಲು ಒಂದೆರಡು ನಿಮಿಷ ಹಿಡಿಯುತ್ತದೆ.

ಉತ್ತರ ದಡ: ಊರು, ಗದ್ದೆ, ಬಂಡೆ ಬೇಕಾದವರಿಗೆ

ವಿರೂಪಾಪುರ ಗಡ್ಡೆಯ ಹಳೇ ಗುಡಿಸಲು ಹೋಟೆಲುಗಳ ನೆನಪಿನಲ್ಲಿ ಹೊರಟವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅವು ನೆಲಸಮವಾದವು. ಆ ಜನಜಂಗುಳಿ ಈಗ ಸಾಣಾಪುರದ ಕಡೆಗೆ ಸರಿದಿದೆ. ಭತ್ತದ ಗದ್ದೆ, ಕೆರೆ, ಹರಿಗೋಲು, ರಾತ್ರಿ ಹಾಡು ಇವೇ ಸಾಕು ಎನ್ನುವ ಗೆಳೆಯರ ಗುಂಪಿಗೆ ಸಾಣಾಪುರ ಹೊಂದುತ್ತದೆ. ನೀರಿಗೆ ಇಳಿಯುವುದನ್ನು ಮಾತ್ರ ಬಿಡಿ. ಬಂಡೆಯಿಂದ ಜಿಗಿಯುವವರು ನೀರಿನಡಿಯ ಕಲ್ಲಿನ ಪೊಟರೆಗಳಿಗೂ ಸೆಳವಿಗೂ ಸಿಕ್ಕಿ ಸಾಯುವುದು ಇಲ್ಲಿ ಹೊಸದಲ್ಲ, ಈಜು ಬಂದವರೂ ಸೇರಿ. ಕಾಲುವೆಯ ನೀರು ಮೇಲೆ ಶಾಂತವಾಗಿ ಕಂಡರೂ ಒಳಗೆ ಓಡುತ್ತಿರುತ್ತದೆ.

ಇತಿಹಾಸಕ್ಕಾಗಿಯೇ ಬರುವವರಿಗೆ ಆನೆಗೊಂದಿ ಸಾಣಾಪುರಕ್ಕಿಂತ ಹತ್ತು ಪಾಲು ಮೇಲು. ಹಂಪಿಗಿಂತ ಹಳೆಯ ಊರು, ಇವತ್ತಿಗೂ ಜನ ಬಾಳುವ ಊರು. ಕೋಟೆ ಬಾಗಿಲು ದಾಟಿ ಒಳಗೆ ಬಂದರೆ ತೇರಿನ ಬೀದಿ, ರಂಗನಾಥನ ಗುಡಿ, ಗಗನ ಮಹಲ್, ಅದರ ಜಗಲಿಯ ಮೇಲೆ ಹರಟೆ. ಹಳೇ ಮನೆಗಳನ್ನೇ ರಿಪೇರಿ ಮಾಡಿದ ವಸತಿಗಳು ಕೆಲವಿವೆ, ಬಾಳೆನಾರಿನ ಬುಟ್ಟಿ ಹೆಣೆಯುವ ಹೆಂಗಸರಿದ್ದಾರೆ. ಕೋಣೆಗಳು ಕಡಿಮೆ, ಡಿಸೆಂಬರಿಗೆ ಎರಡು ತಿಂಗಳು ಮುಂಚೆ ಮಾತಾಡಿಟ್ಟುಕೊಳ್ಳಬೇಕು.

ಅಂಜನಾದ್ರಿಗೆ 575 ಮೆಟ್ಟಿಲು. ಶನಿವಾರ ಹನುಮನ ವಾರ. ಆ ದಿನ ಇದನ್ನು ಇಟ್ಟುಕೊಳ್ಳದೆ ಭಾನುವಾರ ಮುಂಜಾನೆಗೆ ಹಾಕಿ. ಡಿಸೆಂಬರಿನಲ್ಲಿ ಹನುಮ ಮಾಲಾಧಾರಿಗಳು ಬರುವ ದಿನಗಳಲ್ಲಿ ಗಂಗಾವತಿ ರಸ್ತೆಯೇ ಕಟ್ಟಿಹೋಗುತ್ತದೆ. ಚಪ್ಪಲಿ ಕೆಳಗೇ ಬಿಡಬೇಕು, ಹತ್ತು ಗಂಟೆಯ ಮೇಲೆ ಇಳಿಯುವವರ ಅಂಗಾಲು ಸುಡುತ್ತದೆ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಕಂಡರೆ ಕೋತಿಗಳು ಕೇಳಿ ತಗೊಳ್ಳುವುದಿಲ್ಲ.

ಮಾಧ್ವ ಮನೆತನದವರಿಗೆ ಈ ದಡ ಅಂದರೆ ನವಬೃಂದಾವನ: ನದಿಯ ನಡುಗಡ್ಡೆಯಲ್ಲಿ ಪದ್ಮನಾಭತೀರ್ಥರು, ವ್ಯಾಸರಾಯರು ಸೇರಿ ಒಂಬತ್ತು ಯತಿಗಳ ಬೃಂದಾವನ. ಹೋಗಲು ದೋಣಿಯೇ ಗತಿ, ಹೊಳೆ ಬಂದರೆ ಇಲ್ಲ. ಹಿರಿಯರನ್ನು ಕರೆದುಕೊಂಡು ಬರುವುದಾದರೆ ಆಗಸ್ಟ್ ಬಿಟ್ಟು ನವೆಂಬರ್ ನಂತರ ಬನ್ನಿ.

ಇನ್ನು ಗಂಗಾವತಿ ಕಡೆಗೆ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ. ವಿಜಯನಗರಕ್ಕಿಂತ ಸಾವಿರದೈನೂರು ವರ್ಷಕ್ಕೂ ಹಿಂದಿನ ಬೃಹತ್ ಶಿಲಾಯುಗದ ನೂರಾರು ಕಲ್ಲುಮನೆಗಳು, ಕೆಲವು ಆಳೆತ್ತರಕ್ಕೂ ಮಿಗಿಲು. ಊರಿನಿಂದ ಬಂಡೆಗಳ ನಡುವೆ ಒಂದು ಗಂಟೆ ಹತ್ತಬೇಕು. ದಾರಿ ಕವಲೊಡೆಯುತ್ತದೆ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಇದಕ್ಕೆ ಅರ್ಧ ದಿನ. ಉಳಿದರ್ಧ ದಿನ ಗಂಗಾವತಿಯಿಂದ 20 ಕಿ.ಮೀ. ಆಚೆಯ ಕನಕಗಿರಿಗೆ ಕೊಟ್ಟರೆ ಗಾದೆಯ ಎರಡನೇ ಭಾಗವೂ ಸಂದಾಯ: ಕನಕಾಚಲಪತಿ ಗುಡಿಯ ಕಂಬಗಳು, ಊರಾಚೆ ವೆಂಕಟಪತಿ ಬಾವಿ.

ಬಾದಾಮಿಯನ್ನೂ ಸೇರಿಸೋಣವೇ?

ಬೇಡ. ಹಂಪಿಯಿಂದ ಬಾದಾಮಿಗೆ ಸುಮಾರು 140 ಕಿ.ಮೀ., ಕಾರಿನಲ್ಲಿ ಮೂರರಿಂದ ಮೂರೂವರೆ ಗಂಟೆ. ಪಟ್ಟದಕಲ್ಲು, ಐಹೊಳೆ ಸೇರಿಸಿದರೆ ಇನ್ನೂ ಹೆಚ್ಚು. ನಾಲ್ಕು ದಿನವಿದ್ದರೆ ಮಾತ್ರ ಈ ಮಾತು ಎತ್ತಿ.

ಹೋಗುವುದು, ಸುತ್ತುವುದು

ಬೆಂಗಳೂರು, ಮೈಸೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್. ರಾತ್ರಿ ಬೆಂಗಳೂರು ಬಿಟ್ಟು ಬೆಳಗ್ಗೆ ಹೊಸಪೇಟೆ, ವಾಪಸ್ಸೂ ರಾತ್ರಿಯೇ. ಹಾಗಾಗಿ ಎರಡು ಪೂರ್ತಿ ಹಗಲು ಕೈಗೆ ಸಿಗುತ್ತವೆ, ಒಂದೇ ರಾತ್ರಿಯ ಕೋಣೆ ಸಾಕು. ಗುಂತಕಲ್ ಸುತ್ತಿ ಬರುವುದರಿಂದ ನಿಧಾನ, ಆದರೆ ಆ ಸುತ್ತೇ ನಿಮ್ಮ ನಿದ್ದೆ. ಕಾರಿನಲ್ಲಿ ತುಮಕೂರು, ಚಿತ್ರದುರ್ಗದ ಮೇಲೆ ಸುಮಾರು 350 ಕಿ.ಮೀ., ಆರೇಳು ಗಂಟೆ. ಶನಿವಾರ ಬೆಳಗ್ಗೆ ಹೊರಟರೆ ಅರ್ಧ ದಿನ ದಾರಿಗೇ ದಾನ. ದಕ್ಷಿಣ ದಡದವರಿಗೆ ರೈಲು, ಉತ್ತರ ದಡದವರಿಗೆ ಸ್ವಂತ ಕಾರು, ಇದು ನಮ್ಮ ತೀರ್ಮಾನ. ಹಿರೇಬೆಣಕಲ್, ಕನಕಗಿರಿಗೆ ಬಸ್ಸು ಕಾಯುತ್ತಾ ಕೂತರೆ ದಿನ ಮುಗಿದುಹೋಗುತ್ತದೆ.

ಊರೊಳಗೆ ಸೈಕಲ್ಲು ನವೆಂಬರಿನಿಂದ ಫೆಬ್ರವರಿವರೆಗೆ ಚೆನ್ನ. ಕಮಲಾಪುರದಿಂದ ಹಂಪಿ ಕಡೆ ಬಹುಪಾಲು ಇಳಿಜಾರು, ವಾಪಸ್ ಬರುವಾಗ ಗೊತ್ತಾಗುತ್ತದೆ. ಬಾಡಿಗೆ ಸ್ಕೂಟಿ ತೆಗೆದುಕೊಂಡರೆ ಇರುವ ಗೀರುಗಳ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ, ಪೆಟ್ರೋಲ್ ಮುಳ್ಳು ನೋಡಿ. ಆಟೊವಾದರೆ ಹತ್ತುವ ಮುಂಚೆ ‘ಅಣ್ಣಾ, ಕಾಯೋದೂ ಸೇರಿ ಎಷ್ಟು?’ ಎಂದು ಕೇಳಿ, ಹಜಾರ ರಾಮದಲ್ಲಿ ಎರಡು ಗಂಟೆ ಎಂದೂ ಹೇಳಿಬಿಡಿ. ಅವರಿಗೆ ನಂಬಿಕೆ ಬರುವುದಿಲ್ಲ, ಆದರೂ ಹೇಳಿ. ಬಂಡೆಗಳ ನಡುವೆ ಸಿಗ್ನಲ್ ಸತ್ತಾಗ ಫೋನಿನಲ್ಲಿ ದುಡ್ಡು ಕಳಿಸಲಾಗದು, ಐನೂರು-ಸಾವಿರ ರೂಪಾಯಿಯಷ್ಟು ಚಿಲ್ಲರೆ ನೋಟು ಇರಲಿ.

ಕಾಲದ ವಿಷಯ ಚಿಕ್ಕದು. ಮಾರ್ಚ್ ನಡುವಿನಿಂದ ಮೇ ಕೊನೆವರೆಗೆ 40 ಡಿಗ್ರಿಯ ಬಿಸಿಲಿಗೆ ಬಂಡೆ ರಾತ್ರಿ ಎಂಟಕ್ಕೂ ಕಾವು ಬಿಡುವುದಿಲ್ಲ. ಆಗಸ್ಟ್‌ನಲ್ಲಿ ಹಸಿರು ಚೆಂದ, ಬಂಡೆ ಜಾರು. ದಕ್ಷಿಣ ದಡಕ್ಕೆ ಅಡ್ಡಿಯಿಲ್ಲ, ಉತ್ತರ ದಡಕ್ಕೆ ಬೇಡ. ಹಂಪಿ ಉತ್ಸವ ಈಚಿನ ವರ್ಷಗಳಲ್ಲಿ ಜನವರಿ ಕೊನೆಯಿಂದ ಮಾರ್ಚ್ ಮೊದಲ ದಿನಗಳ ನಡುವೆ ಬೀಳುತ್ತಿದೆ. ನಿಧಾನಕ್ಕೆ ನೋಡಬೇಕೆನ್ನುವವರು ಆ ದಿನಾಂಕ ನೋಡಿಕೊಂಡು ತಪ್ಪಿಸಿ. ಡಿಸೆಂಬರ್ ಕೊನೆಯ ವಾರವನ್ನೂ.

ಭಾನುವಾರ ಸಂಜೆ ಹೊಸಪೇಟೆ ರೈಲಿಗೆ ಹೊರಡುವಾಗ ಒಂದು ಗಂಟೆ ಮುಂಚೆ ಹೊರಡಿ. ಊರಿಗೆ ಒಂದೆರಡು ಕಿ.ಮೀ. ಇರುವಾಗಲೇ ಅನಂತಶಯನಗುಡಿ ಬರುತ್ತದೆ, ರಸ್ತೆ ಪಕ್ಕದಲ್ಲೇ. ಕೃಷ್ಣದೇವರಾಯನ ಕಾಲದ್ದು, 1524. ಮಲಗಿದ ವಿಷ್ಣುವಿಗೆ ಬೇಕಾಗುವಷ್ಟು ಉದ್ದದ ಪೀಠ, ಮೇಲೆ ಇಟ್ಟಿಗೆಯ ಎತ್ತರದ ಕಮಾನು ಚಾವಣಿ, ಮೂರು ಬಾಗಿಲು. ಪೀಠ ಖಾಲಿ. ಅಲ್ಲಿಗೆ ಬರಬೇಕಿದ್ದ ಮೂರ್ತಿ ಹೂವಿನಹಡಗಲಿ ಕಡೆಯ ಹೊಳಲಿನಲ್ಲೇ ಉಳಿದುಬಿಟ್ಟಿತು ಎಂದು ಊರವರು ಹೇಳುತ್ತಾರೆ. ಸೂರ್ಯ ಮುಳುಗುವ ಮುಂಚೆ ಹೋದರೆ ಮಾತ್ರ ಒಳಗೆ ಬೆಳಕಿರುತ್ತದೆ.